ಮಳೆಕಾಡನ್ನು ತೋರಿಸುವವರು



ಈ ಉಪನ್ಯಾಸಕ್ಕೆ ವಿಷಯ ಯಾವುದೆಂದು ತಿಳಿಸಿ ಅಂತ ಇದನ್ನು ಏರ್ಪಡಿಸಿದ ಸಂಘದವರು ಫೋನ್ ಮಾಡಿದ್ದು ಒಂದು ಭಾನುವಾರ. ಅವತ್ತು ಬೆಳಿಗ್ಗೆಯಿಂದ ನಮ್ಮೂರಿನ ಅಬ್ಬಿಯ ದಾರಿಯಲ್ಲಿ ಕಾರುಗಳು ಸಾಲುಗಟ್ಟಿ ನಿಂತಿದ್ದವು. ಡೈರಿಗೆ ಹಾಲು ಹಾಕಲು ಹೋದ ಪಕ್ಕದ ಮನೆಯ ಹುಡುಗ ಎರಡು ತಾಸಾದರೂ ವಾಪಸು ಬಂದಿರಲಿಲ್ಲ. ಸಂಜೆ ಕಾರುಗಳೆಲ್ಲ ಘಟ್ಟ ಇಳಿದ ಮೇಲೆ ನಾನೊಬ್ಬನೇ ಅಬ್ಬಿಯ ಬುಡದವರೆಗೆ ಹೋಗಿ ಬಂದೆ. ಬಂಡೆ ಸಂದಿಯಲ್ಲಿ ಬಾಟಲಿ ಚೂರು, ನೀರಿನ ಅಂಚಿನಲ್ಲಿ ಚಿಪ್ಸ್ ಪೊಟ್ಟಣ, ನಾವು ಚಿಕ್ಕಂದಿನಲ್ಲಿ ಏಡಿ ಹಿಡಿಯುತ್ತಿದ್ದ ಜಾಗದಲ್ಲಿ ಮಗುವಿನ ಡೈಪರ್. ಅಷ್ಟು ಜನ ಬಂದು ಹೋದ ದಿನ ಊರಿಗೆ ಉಳಿದದ್ದೇನು ಎಂದು ಲೆಕ್ಕ ಹಾಕುತ್ತ ಮನೆಗೆ ಬಂದೆ. ಚಹಾದಂಗಡಿಯಲ್ಲಿ ಒಂದಿಷ್ಟು ವ್ಯಾಪಾರ. ಮುಂದಕ್ಕೆ ಲೆಕ್ಕ ಬೆಳೆಯಲಿಲ್ಲ. ಮನೆ ತಲುಪುವಷ್ಟರಲ್ಲಿ ಫೋನ್ ಬಂತು, ವಿಷಯ ಹೇಳಿಬಿಟ್ಟೆ.

ಪ್ರವಾಸಿಗರು ಬರಲೇಬಾರದು ಎನ್ನುವವನು ನಾನಲ್ಲ. ಕಾಡನ್ನು ಒಮ್ಮೆಯೂ ನೋಡದವರು ಕಾಡಿಗೆ ಕಷ್ಟ ಬಂದಾಗ ಬಾಯಿ ತೆರೆಯುವುದಿಲ್ಲ. ಅವರು ಬರಬೇಕು, ನೋಡಬೇಕು. ಆದರೆ ಕಾಡನ್ನು ತೋರಿಸುವವರು ಯಾರು? ಎಷ್ಟು ಜನ ಸಾಕು ಎಂದು ಹೇಳುವವರು ಯಾರು? ಬಂದ ದುಡ್ಡಿನ ಲೆಕ್ಕದ ಪುಸ್ತಕ ಯಾರ ಮನೆಯಲ್ಲಿರುತ್ತದೆ? ಈ ಮೂರೂ ಕಾಡಿನಂಚಿನ ಜನರ ಕೈಯಲ್ಲಿದ್ದರೆ ಪ್ರವಾಸ ಕಾಡನ್ನು ಕಾಯುತ್ತದೆ, ಇಲ್ಲವಾದರೆ ತಿನ್ನುತ್ತದೆ. ಇವತ್ತು ಹೇಳಬೇಕೆಂದು ಬಂದಿರುವ ಮಾತು ಇದೊಂದೇ. ಇದಕ್ಕಾಗಿ ನಿಮ್ಮನ್ನು ಬಹುಪಾಲು ಹೊತ್ತು ಕೇರಳದ ಪೆರಿಯಾರಿಗೆ ಕರೆದುಕೊಂಡು ಹೋಗುತ್ತೇನೆ. ಅಲ್ಲಿ ಏನಾಯಿತು ಎಂಬುದು ನಮ್ಮ ಮಲೆನಾಡಿಗೆ ತೀರ ಹತ್ತಿರದ ಪಾಠ. 2012ರಲ್ಲಿ ಯುನೆಸ್ಕೊ ಪಶ್ಚಿಮಘಟ್ಟದ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತಲ್ಲ, ಆ ಒಂದೇ ಪಟ್ಟಿಯಲ್ಲಿ ಪೆರಿಯಾರೂ ಇದೆ, ನಮ್ಮ ಆಗುಂಬೆ, ಸೋಮೇಶ್ವರ, ಕುದುರೆಮುಖ, ಪುಷ್ಪಗಿರಿಗಳೂ ಇವೆ.

ಮೊದಲು ಮಳೆಕಾಡಿನ ಸ್ವಭಾವದ ಬಗ್ಗೆ ನಾಲ್ಕು ಮಾತು ಹೇಳಲೇಬೇಕು. ಬೇಸಿಗೆಯಲ್ಲಿ ಕಬಿನಿಯ ಹಿನ್ನೀರಿನ ಕಡೆ ಜೀಪಿನಲ್ಲಿ ಹೋದರೆ ಆನೆಯ ಹಿಂಡು ಕಣ್ಣೆದುರೇ ನಿಂತಿರುತ್ತದೆ. ಎಲೆಯುದುರಿದ ಕಾಡು, ಬಯಲು, ನೀರು, ಎಲ್ಲ ಬಿಚ್ಚಿಟ್ಟ ಹಾಗೆ. ಮಳೆಕಾಡು ಏನನ್ನೂ ಬಿಚ್ಚಿಡುವುದಿಲ್ಲ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯ ಕಾಡಿಗೆ ಹೊಸಬನೊಬ್ಬ ಹೊಕ್ಕರೆ ಮೊದಲ ಒಂದು ತಾಸು ಅವನಿಗೆ ಸಿಗುವುದು ಹಸಿರು, ಕತ್ತಲು ಮತ್ತು ಇಂಬಳ. ಹೂವು, ಹಣ್ಣು, ಸಿಂಗಳೀಕ, ಕೆಂಜಳಿಲು, ಮಂಗಟ್ಟೆ, ಎಲ್ಲವೂ ನೂರಡಿ ಮೇಲೆ ಮರಗಳ ನೆತ್ತಿಯಲ್ಲಿ. ಇಲ್ಲಿ ಕಣ್ಣಿಗಿಂತ ಮೊದಲು ಕಿವಿ ಕೆಲಸ ಮಾಡಬೇಕು. ಮಂಗಟ್ಟೆ ಕಾಣಿಸುವುದಕ್ಕೆ ಮುಂಚೆ ಅದರ ರೆಕ್ಕೆಯ ಸದ್ದು ಬರುತ್ತದೆ, ದೊಡ್ಡ ಮೊರದಲ್ಲಿ ಯಾರೋ ಭತ್ತ ಕೇರಿದ ಹಾಗೆ. ನೆಲದ ಮೇಲೆ ಬಿದ್ದ ಅರೆತಿಂದ ಹಣ್ಣು ನೋಡಿ ಮೇಲಿರುವುದು ಕೋತಿಯೋ ಅಳಿಲೋ ಹೇಳಬೇಕು. ತರಗೆಲೆಯ ಮೇಲಿನ ಸಗಣಿಯನ್ನು ಮುಟ್ಟಿ ನೋಡಿ ಕಾಟಿ ಹೋಗಿ ಎಷ್ಟು ಹೊತ್ತಾಯಿತು ಅಂತ ಅಂದಾಜು ಮಾಡಬೇಕು. ಜೀಪಿನ ಡ್ರೈವರ್ ಸಾಕಾಗುವ ಜಾಗ ಇದಲ್ಲ. ಹುಟ್ಟಿನಿಂದ ಆ ಕಾಡಿನಲ್ಲಿ ಕಾಲು ಸವೆಸಿದವರು ಜೊತೆಗೆ ಬರಬೇಕು.

ಮಳೆಕಾಡಿನ ನೆಲವೂ ಅಂಥದೇ. ಇಷ್ಟೊಂದು ಹಸಿರು ಕಂಡು ಮಣ್ಣು ಭಾರಿ ಫಲವತ್ತು ಎಂದು ನಾವು ತಿಳಿಯುತ್ತೇವೆ. ಸಾರವೆಲ್ಲ ಇರುವುದು ಮೇಲಿನ ತೆಳು ಪದರದಲ್ಲಿ, ಕೊಳೆಯುವ ತರಗೆಲೆಯಲ್ಲಿ, ಅದರೊಳಗೆ ಹೆಣೆದುಕೊಂಡ ಬೇರು ಮತ್ತು ಅಣಬೆಯ ಎಳೆಗಳಲ್ಲಿ. ಎಲೆ ಬಿದ್ದ ಕೂಡಲೇ ಕೊಳೆತು ಮತ್ತೆ ಮರಕ್ಕೆ ಏರುತ್ತದೆ. ಮಣ್ಣು ಒಂದು ದಾಸ್ತಾನು ಕೋಣೆಯಲ್ಲ, ಸಂತೆಯ ದಾರಿ ಅಷ್ಟೇ. ಕಾಲುದಾರಿ ಅಗಲವಾದರೆ ತರಗು ಹೋಗುತ್ತದೆ, ನೆಲ ಗಟ್ಟಿಯಾಗುತ್ತದೆ, ಆಷಾಢದ ಮಳೆಗೆ ಆ ದಾರಿಯೇ ಹಳ್ಳವಾಗಿ ಹರಿಯುತ್ತದೆ. ಹೀಗಾಗಿ ಮಳೆಕಾಡಿನ ಪ್ರವಾಸಕ್ಕೆ ಒಂದೇ ದಾರಿ: ಕಡಿಮೆ ಜನ, ನಿಧಾನ ನಡಿಗೆ, ಬಲ್ಲವರ ಜೊತೆ. ಆ ಬಲ್ಲವರು ಯಾರು ಎಂಬಲ್ಲಿಂದ ಪೆರಿಯಾರಿನ ಕಥೆ ಶುರುವಾಗುತ್ತದೆ.

ಪೆರಿಯಾರಿನ ಸರೋವರ ಹುಟ್ಟಿನಿಂದ ಸರೋವರವಲ್ಲ. 1886ರಲ್ಲಿ ತಿರುವಾಂಕೂರು ಸಂಸ್ಥಾನ ಮತ್ತು ಬ್ರಿಟಿಷ್ ಸರ್ಕಾರದ ನಡುವೆ 999 ವರ್ಷದ ಗುತ್ತಿಗೆಯಾಯಿತು. 1895ರಲ್ಲಿ ಜಾನ್ ಪೆನ್ನಿಕ್ವಿಕ್ ಎಂಬ ಎಂಜಿನಿಯರ್ ಮುಲ್ಲಪೆರಿಯಾರ್ ಅಣೆಕಟ್ಟು ಮುಗಿಸಿ ಪಶ್ಚಿಮಕ್ಕೆ ಹರಿಯುವ ಹೊಳೆಯನ್ನು ಪೂರ್ವಕ್ಕೆ, ಮಧುರೆ ಸೀಮೆಯ ಗದ್ದೆಗಳ ಕಡೆಗೆ ತಿರುಗಿಸಿದ. ಕಣಿವೆ ಮುಳುಗಿತು. ಮುಳುಗಿದ ಮರಗಳ ಬೊಡ್ಡೆಗಳು ಇವತ್ತಿಗೂ ನೀರಿನಿಂದ ಮೇಲೆ ಚಾಚಿಕೊಂಡಿವೆ, ಅವುಗಳ ಮೇಲೆ ನೀರುಕಾಗೆಗಳು ರೆಕ್ಕೆ ಒಣಗಿಸುತ್ತ ಕೂರುತ್ತವೆ. ಸುತ್ತಲಿನ ಕಾಡು 1950ರಲ್ಲಿ ಅಭಯಾರಣ್ಯವಾಯಿತು, 1978ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಈಗ ಒಟ್ಟು 925 ಚದರ ಕಿಲೋಮೀಟರ್.

ಈ ಸಭೆಯಲ್ಲಿ ಮಾಲೆ ಹಾಕಿ ಶಬರಿಮಲೆಗೆ ಹೋಗಿ ಬಂದವರು ಬಹಳ ಮಂದಿ ಇದ್ದೀರಿ ಎಂದು ಬಲ್ಲೆ. ಇರುಮುಡಿ ಹೊತ್ತು ಎರುಮೇಲಿಯಿಂದ ಕರಿಮಲೆ ಹತ್ತಿ ಇಳಿದ ದಾರಿ ಇದೇ ಕಾಡಿನದು. ಪೆರಿಯಾರ್ ಕನ್ನಡಿಗರಿಗೆ ಹೊಸತಲ್ಲ, ಹೆಸರು ಗೊತ್ತಿರಲಿಲ್ಲ ಅಷ್ಟೇ.

ಆ ಕಾಡಿನ ಅಂಚಿನಲ್ಲಿ ಮನ್ನಾನ್ ಮತ್ತು ಪಳಿಯರ್ ಎಂಬ ಬುಡಕಟ್ಟಿನ ಜನ ಇದ್ದಾರೆ. ಒಂದು ಕಾಲಕ್ಕೆ ಒಳಗಿದ್ದವರು, ಆಮೇಲೆ ಕುಮಳಿ ಎಂಬ ಪೇಟೆಯ ಬದಿಗೆ ತಂದು ಕೂರಿಸಲ್ಪಟ್ಟವರು. ಮೀನು ಹಿಡಿಯುವುದು, ಜೇನು ತೆಗೆಯುವುದು, ಸ್ವಲ್ಪ ಕಾಳುಮೆಣಸು. ಮೆಣಸು ಕೊಯ್ಲಿಗೆ ಬರುವ ಮುಂಚೆಯೇ ಸಾಲಕ್ಕೆ ವ್ಯಾಪಾರಿಯ ಪಾಲಾಗಿರುತ್ತಿತ್ತು. ನಮ್ಮ ಕಡೆ ಅಡಿಕೆಯನ್ನು ಮರದ ಮೇಲಿರುವಾಗಲೇ ಮಾರುವವರ ಸಂಕಟ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇನ್ನೊಂದು ಕಡೆ ತಮಿಳುನಾಡಿನ ಗಡಿಯ ಹಳ್ಳಿಗಳ ಬಡವರ ಗುಂಪೊಂದು ಕಾಡಿನೊಳಗೆ ವಾರಗಟ್ಟಲೆ ಇದ್ದು ಕಾಡುದಾಲ್ಚಿನ್ನಿಯ ತೊಗಟೆ ಸುಲಿದು ತರುತ್ತಿತ್ತು. ಅದಕ್ಕೆ ಅಲ್ಲಿನ ಮಾತಿನಲ್ಲಿ ವಯನ ಎನ್ನುತ್ತಾರೆ. ಸುತ್ತಲೂ ತೊಗಟೆ ಸುಲಿದರೆ ಮರ ಉಳಿಯುವುದಿಲ್ಲ. ತೊಗಟೆಯ ಜೊತೆಗೆ ಬೇಟೆಯೂ ಇತ್ತು. ಹಿಡಿದರೆ ಹೊಡೆತ, ಕೇಸು, ಜೈಲು. ಬಿಟ್ಟ ಮೇಲೆ ಮತ್ತೆ ಕಾಡು. ಲಾಭದ ದೊಡ್ಡ ಪಾಲು ಕೆಳಗಿನ ಪೇಟೆಯ ವ್ಯಾಪಾರಿಗೆ, ಹೊಡೆತ ಪೂರ್ತಿ ಇವರಿಗೆ.

1996ರಲ್ಲಿ ವಿಶ್ವಬ್ಯಾಂಕಿನ ನೆರವಿನಲ್ಲಿ ಪರಿಸರ ಅಭಿವೃದ್ಧಿ ಯೋಜನೆಯೊಂದು ದೇಶದ ಏಳು ಕಾಡುಗಳಲ್ಲಿ ಆರಂಭವಾಯಿತು. ಪೆರಿಯಾರ್ ಅದರಲ್ಲೊಂದು. ನಮ್ಮ ನಾಗರಹೊಳೆ ಇನ್ನೊಂದು. ಇದನ್ನು ನೆನಪಿಡಿ, ನಾಗರಹೊಳೆಗೆ ಮತ್ತೆ ಬರುತ್ತೇನೆ.

ಪೆರಿಯಾರಿನ ಕೆಲವು ಅಧಿಕಾರಿಗಳಿಗೆ ಆಗ ಹೊಳೆದ ವಿಚಾರ ಸರಳ. ಈ ಕಾಡನ್ನು ನಮ್ಮ ಗಾರ್ಡುಗಳಿಗಿಂತ ಚೆನ್ನಾಗಿ ಬಲ್ಲವರು ಕಳ್ಳರು. ಅವರ ಮೇಲಿನ ಕೇಸುಗಳನ್ನು ಕೈಬಿಟ್ಟು, ಕೆಲಸ ಕೊಟ್ಟು, ಕಾಡು ಕಾಯಲು ಹಚ್ಚಿದರೆ? 1998ರ ಹೊತ್ತಿಗೆ ಹಾಗೆಯೇ ಮಾಡಿದರು. ಇಪ್ಪತ್ತಕ್ಕೂ ಹೆಚ್ಚು ಮಂದಿ ಕತ್ತಿ ಕೆಳಗಿಟ್ಟು ಹೊರಗೆ ಬಂದರು. ಅವರ ಸಂಘದ ಹೆಸರಿನಲ್ಲೇ ಹಳೆಯ ಕಸುಬು ಉಳಿಯಿತು: ಮಾಜಿ ವಯನ ತೊಗಟೆ ಸಂಗ್ರಾಹಕರ ಸಮಿತಿ. ತಾವು ಏನಾಗಿದ್ದೆವು ಎಂಬುದನ್ನು ಬೋರ್ಡಿನ ಮೇಲೆ ಬರೆಸಿಕೊಂಡವರ ಬಗ್ಗೆ ನನಗೆ ಬಹಳ ಗೌರವ. ಅವರಿಂದ ಆರಂಭವಾದದ್ದು ಪೆರಿಯಾರ್ ಟೈಗರ್ ಟ್ರೇಲ್ ಎಂಬ ಚಾರಣ. ಐದಾರು ಮಂದಿ ಪ್ರವಾಸಿಗರು, ಹೆಚ್ಚುಕಡಿಮೆ ಅಷ್ಟೇ ಜನ ಗೈಡುಗಳು, ಕೋವಿ ಹಿಡಿದ ಒಬ್ಬ ಗಾರ್ಡ್. ಕಾಡಿನಲ್ಲಿ ರಾತ್ರಿ ಉಳಿದು ಬರಬೇಕು. ದುಡ್ಡು ಸಂಘದ ಖಾತೆಗೆ ಹೋಗುತ್ತದೆ, ಅಲ್ಲಿಂದ ಸದಸ್ಯರ ಸಂಬಳ ಬರುತ್ತದೆ. ಪ್ರವಾಸಿಗರನ್ನು ಕರೆದುಕೊಂಡು ಹೋದ ದಾರಿಯೇ ಗಸ್ತಿನ ದಾರಿಯೂ ಹೌದು. ಕಳ್ಳರು ಎಲ್ಲಿ ಗುಡಿಸಲು ಹಾಕುತ್ತಾರೆ, ಯಾವ ಕಣಿವೆಯಿಂದ ಗಡಿ ದಾಟುತ್ತಾರೆ, ಸರಕು ಯಾರಿಗೆ ತಲುಪುತ್ತದೆ ಎಂಬುದೆಲ್ಲ ಇವರಿಗೆ ಬಾಯಿಪಾಠ.

ಕೆಲವು ವರ್ಷಗಳ ಹಿಂದೆ ಮಳೆ ಹಿಂದಾದ ಮೇಲೆ ನಾನು ಆ ಕಾಡಿಗೆ ಹೋಗಿದ್ದೆ. ಮೊಣಕಾಲಿನವರೆಗೆ ಬರುವ ಬಟ್ಟೆಯ ಚೀಲ ಕೊಟ್ಟು, ಇಂಬಳ ಹತ್ತದ ಹಾಗೆ ಬಿಗಿಯಾಗಿ ಕಟ್ಟಿದರು. ನಮ್ಮ ಮುಂದಾಳು ಅರವತ್ತರ ಆಸುಪಾಸಿನ ಮನುಷ್ಯ, ತಮಿಳು ಮಲಯಾಳ ಬೆರೆತ ಮಾತು. ಹೊರಟು ಒಂದು ತಾಸಿನ ಮೇಲೆ ಒಂದು ಮರದ ಹತ್ತಿರ ನಿಂತರು. ತೊಗಟೆಯ ಮೇಲೆ ಆಳೆತ್ತರದವರೆಗೆ ಹಳೆಯ ಗಾಯ, ಅಂಚಿನಲ್ಲಿ ಹೊಸ ತೊಗಟೆ ತುಟಿಯಂತೆ ಉಬ್ಬಿ ಬೆಳೆದಿತ್ತು. ಒಂದು ಬದಿ ಮಾತ್ರ ಸುಲಿದದ್ದಕ್ಕೆ ಮರ ಉಳಿದುಕೊಂಡಿತ್ತು. ಅವರು ಅಂಗೈಯನ್ನು ಆ ಗಾಯದ ಮೇಲಿಟ್ಟು, "ಇದು ನಮ್ಮದೇ ಕೆಲಸ" ಎಂದರು. ಬೇರೆ ಏನೂ ಹೇಳಲಿಲ್ಲ. ಮುಂದೆ ನಡೆದೆವು. ಎಲೆ ಮುರಿದು ಕೊಟ್ಟರು, ಮೂಸಿದೆ, ಮನೆಯಲ್ಲಿ ಪಲಾವಿನ ಒಗ್ಗರಣೆ ಇಟ್ಟ ವಾಸನೆ.

ಇನ್ನೂ ಸ್ವಲ್ಪ ಮುಂದೆ ಕಣಿವೆಯೊಂದಕ್ಕೆ ಇಳಿಯಬೇಕಿತ್ತು. ಆ ಕಣಿವೆಯ ಹಳ್ಳವೇ ಅವತ್ತಿನ ನಡಿಗೆಯ ಮುಖ್ಯ ಆಕರ್ಷಣೆ ಎಂದು ನಮಗೆ ಮೊದಲೇ ಹೇಳಿದ್ದರು. ಮುಂದಾಳು ಕೈಯೆತ್ತಿ ನಿಲ್ಲಿಸಿದರು. ನಮಗೆ ಏನೂ ಕೇಳಿಸಲಿಲ್ಲ. ಅವರು ಗಾಳಿ ಮೂಸಿದರು, ಇನ್ನೊಬ್ಬರ ಕಡೆ ನೋಡಿದರು, ಆಮೇಲೆ ನಮ್ಮ ಕಡೆ ತಿರುಗಿ, "ಮರಿ ಇದೆ. ಇವತ್ತು ಆ ಕಡೆ ಬೇಡ" ಎಂದರು. ನಮ್ಮ ಗುಂಪಿನಲ್ಲಿದ್ದ ಒಬ್ಬರು ದೂರದಿಂದಾದರೂ ಒಂದು ಫೋಟೊ ತೆಗೆಯುತ್ತೇನೆಂದು ಗೋಗರೆದರು. ಆ ಹಿರಿಯರು ನಕ್ಕು ತಲೆಯಾಡಿಸಿದರು, ವಾಪಸು ನಡೆಯತೊಡಗಿದರು. ಅದೇ ಮಾತು. ಅದನ್ನು ಮೀರಿ ಕೇಳಲು ಅಲ್ಲಿ ಮ್ಯಾನೇಜರ್ ಇರಲಿಲ್ಲ, ಮಾಲೀಕ ಇರಲಿಲ್ಲ, ಫೋನಿಗೆ ಸಿಗ್ನಲ್ಲೂ ಇರಲಿಲ್ಲ.

ಹಲವಾರು ಕಾಡುಗಳಲ್ಲಿ ಸುತ್ತಿದ್ದೇನೆ. ಪ್ರವಾಸಿಗನಿಗೆ ಹೀಗೆ ಬೇಡ ಎಂದು ಹೇಳಿ, ಅದರಿಂದ ತನ್ನ ಕೂಲಿ ಕೈತಪ್ಪೀತು ಎಂಬ ಹೆದರಿಕೆ ಇಲ್ಲದ ಗೈಡನ್ನು ಕಂಡದ್ದು ಅಪರೂಪ. ಟಿಪ್ಸಿನ ಮೇಲೆ ಬದುಕುವ ಹುಡುಗ ಆನೆಗೆ ಇನ್ನೂ ಹತ್ತಿರ ಜೀಪು ಬಿಡಿಸುತ್ತಾನೆ. ಅದು ಅವನ ತಪ್ಪಲ್ಲ. ಅವನ ಹೊಟ್ಟೆ ಪ್ರವಾಸಿಗನ ಕೈಯಲ್ಲಿದೆ. ಪೆರಿಯಾರಿನ ಆ ಹಿರಿಯರ ಹೊಟ್ಟೆ ಅವರ ಸಂಘದ ಕೈಯಲ್ಲಿತ್ತು. ಇಡೀ ವ್ಯತ್ಯಾಸ ಇಷ್ಟೇ, ಮತ್ತು ಇಷ್ಟು ವ್ಯತ್ಯಾಸ ತರಲು ವರ್ಷಗಳು ಹಿಡಿದವು.

ಪೆರಿಯಾರಿನಲ್ಲಿ ಇಂಥ ಸಮಿತಿಗಳು ಎಪ್ಪತ್ತಕ್ಕೂ ಹೆಚ್ಚಿವೆ. ಮನ್ನಾನರ ಸಮಿತಿ ಮೆಣಸನ್ನು ವ್ಯಾಪಾರಿಯ ಸಾಲದಿಂದ ಬಿಡಿಸಿಕೊಂಡು ತಾನೇ ಮಾರತೊಡಗಿತು. ಬಿದಿರಿನ ತೆಪ್ಪ ನಡೆಸುವವರು, ರಾತ್ರಿ ಗಸ್ತಿಗೆ ಪ್ರವಾಸಿಗರನ್ನು ಒಯ್ಯುವವರು, ಶಬರಿಮಲೆಯ ದಾರಿಯಲ್ಲಿ ಹಂಗಾಮಿನ ಅಂಗಡಿ ಇಟ್ಟು ಕಸವನ್ನೂ ತಾವೇ ಎತ್ತುವವರು, ಹೀಗೆ. ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ವಸಂತಸೇನೆ. 2002ರಿಂದ ಕುಮಳಿ ಕಡೆಯ ಸುಮಾರು ನೂರು ಹೆಂಗಸರು ಪಾಳಿ ಹಾಕಿಕೊಂಡು, ಒಂದು ಪೈಸೆ ಕೂಲಿ ತೆಗೆದುಕೊಳ್ಳದೆ, ಗಂಧದ ಮರಗಳಿರುವ ಕಾಡಿನ ಅಂಚನ್ನು ದಿನವೂ ಕಾಯುತ್ತ ಬಂದರು. ಮನೆಯ ಗಂಡಸರಿಗೆ ಕಾಡಿನಿಂದ ಮರ್ಯಾದೆಯ ದುಡಿಮೆ ಸಿಕ್ಕಿದ ಮೇಲೆ ಆ ಕಾಡು ತಮ್ಮದೆನ್ನಿಸಿತು ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ. ದುಡ್ಡಿನಿಂದ ಮೊದಲಾದದ್ದು ದುಡ್ಡಿನಾಚೆಗೆ ಹೋಯಿತು.

ಯೋಜನೆಯ ಹಣ 2004ಕ್ಕೆ ಮುಗಿಯಿತು. ಹಣ ಮುಗಿದ ದಿನ ಬೋರ್ಡು ಮಾತ್ರ ಉಳಿಯುವುದು ನಮ್ಮಲ್ಲಿ ವಾಡಿಕೆ. ಪೆರಿಯಾರಿನವರು ಅದೇ ವರ್ಷ ಪೆರಿಯಾರ್ ಫೌಂಡೇಶನ್ ಎಂಬ ಸರ್ಕಾರಿ ಟ್ರಸ್ಟ್ ಕಟ್ಟಿಕೊಂಡರು. ಪ್ರವೇಶ ಶುಲ್ಕದ ಜೊತೆ ವಸೂಲಾಗುವ ಒಂದು ಸಣ್ಣ ಮೊತ್ತ ಖಜಾನೆಗೆ ಹೋಗದೆ ಅಲ್ಲಿಯ ಕೆಲಸಕ್ಕೇ ಬರುವಂತಾಯಿತು. 2006ರಲ್ಲಿ ವನ್ಯಜೀವಿ ಕಾಯ್ದೆಗೆ ತಿದ್ದುಪಡಿ ಬಂದಾಗ, ದೇಶದ ಪ್ರತಿ ಹುಲಿ ಸಂರಕ್ಷಿತ ಪ್ರದೇಶಕ್ಕೂ ಇಂಥ ಪ್ರತಿಷ್ಠಾನ ಇರಬೇಕೆಂಬ ಕಲಮು ಸೇರಿತು. ಬಂಡೀಪುರ, ನಾಗರಹೊಳೆ, ಭದ್ರಾಗಳಿಗೆ ಇವತ್ತು ಇರುವ ಪ್ರತಿಷ್ಠಾನಗಳಿಗೆ ಅದೇ ಕಲಮು ಆಧಾರ.

ಈಗ ನಾಗರಹೊಳೆ. ಅದು ಪೂರ್ತಿ ಮಳೆಕಾಡಲ್ಲ, ಬಹುಪಾಲು ಎಲೆಯುದುರುವ ಕಾಡು. ಆದರೂ ಅದೇ ಯೋಜನೆ, ಅದೇ ವರ್ಷಗಳು. ಅಲ್ಲಿ ಏನಾಯಿತು? ಕಾಡಿನ ಒಳಗೆ ಮುರ್ಕಲ್ ಎಂಬಲ್ಲಿ ಅರಣ್ಯ ಇಲಾಖೆಯ ಕಟ್ಟಡಗಳನ್ನು ದೊಡ್ಡ ಹೋಟೆಲ್ ಸಂಸ್ಥೆಯೊಂದಕ್ಕೆ ಗುತ್ತಿಗೆ ಕೊಟ್ಟು ರೆಸಾರ್ಟ್ ಮಾಡಲು ಹೊರಟರು. ಕಬಿನಿ ಅಣೆಕಟ್ಟಿಗೆ, ಆಮೇಲೆ ರಾಷ್ಟ್ರೀಯ ಉದ್ಯಾನಕ್ಕೆ ನೆಲ ಬಿಟ್ಟುಕೊಟ್ಟ ಜೇನುಕುರುಬರು, ಬೆಟ್ಟಕುರುಬರು, ಯರವರು ಹಾಡಿಗಳಿಂದ ಎದ್ದು ಬಂದರು. ನಾವು ಒಲೆಗೆ ಸೌದೆ ತಂದರೆ ಕಾಡಿಗೆ ಕೇಡು, ಅವರು ಐಷಾರಾಮಿ ಕೋಣೆ ಕಟ್ಟಿದರೆ ಕೇಡಲ್ಲವೇ ಎಂಬುದು ಅವರ ಪ್ರಶ್ನೆ. 1997ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟ್ ಆ ಗುತ್ತಿಗೆ ಕಾನೂನುಬಾಹಿರ ಎಂದಿತು. ರೆಸಾರ್ಟ್ ಬಾಗಿಲು ತೆರೆಯಲಿಲ್ಲ. ಆ ಹೋರಾಟ ನನ್ನ ಮಟ್ಟಿಗೆ ಕರ್ನಾಟಕದ ಪರಿಸರ ಚರಿತ್ರೆಯ ದೊಡ್ಡ ಅಧ್ಯಾಯ. ಶಾಲೆಯ ಪಠ್ಯದಲ್ಲಿ ಇರಬೇಕಾದ್ದು.

ಆದರೆ ರೆಸಾರ್ಟ್ ನಿಂತಿತೇ ಹೊರತು, ಹಾಡಿಯ ಜನರೇ ಕಾಡನ್ನು ತೋರಿಸುವ ವ್ಯವಸ್ಥೆ ಪೆರಿಯಾರಿನಂತೆ ಬೆಳೆಯಲಿಲ್ಲ. ನೆಲದ ಜಗಳ ಬಗೆಹರಿಯದೆ ವಿಶ್ವಾಸ ಎಲ್ಲಿಂದ ಬರಬೇಕು? 2025ರ ಮೇ ತಿಂಗಳಲ್ಲಿ ಐವತ್ತಕ್ಕೂ ಹೆಚ್ಚು ಜೇನುಕುರುಬ ಕುಟುಂಬಗಳು ತಾವು ಬಿಟ್ಟು ಹೋಗಬೇಕಾಗಿ ಬಂದಿದ್ದ ಕರಡಿಕಲ್ಲು ಹಾಡಿಗೆ ಮರಳಿ ಬಂದು ಗುಡಿಸಲು ಹಾಕಿದವು. ಒಂದೇ ಯೋಜನೆ ಎರಡು ಕಾಡಿಗೆ ಹೋಗಿ ಎರಡು ಫಲ ಕೊಟ್ಟದ್ದು ಯಾಕೆ ಎಂದು ಕೇಳುವವರಿಗೆ ನನ್ನ ಉತ್ತರ ಈ ಹಾಡಿಯಲ್ಲಿದೆ. ಒಂದು ಕಡೆ ಜನರ ತಿಳಿವಳಿಕೆಯನ್ನು ಬಂಡವಾಳವೆಂದು ಎಣಿಸಿದರು. ಇನ್ನೊಂದು ಕಡೆ ಜನರ ಇರವನ್ನೇ ಅಡ್ಡಿ ಎಂದು ಬಗೆದರು.

ಪೆರಿಯಾರನ್ನು ನಾನು ಹೊಗಳುತ್ತಲೇ ಹೋಗುತ್ತಿದ್ದೇನೆ ಎಂದು ಅನ್ನಿಸಬಹುದು. ಅಲ್ಲಿಯ ಕತ್ತಲೆಯನ್ನೂ ಹೇಳಬೇಕು. 2009ರ ಸೆಪ್ಟೆಂಬರ್ 30ರ ಸಂಜೆ ತೇಕ್ಕಡಿಯಲ್ಲಿ, ಅದೇ ಪೆರಿಯಾರ್ ಸರೋವರದಲ್ಲಿ, ಪ್ರವಾಸಿ ದೋಣಿಯೊಂದು ಮಗುಚಿ 45 ಮಂದಿ ಸತ್ತರು. ಎರಡಂತಸ್ತಿನ ದೋಣಿ, ತುಂಬಿದ ಜನ. ದಡದಲ್ಲಿ ಕಾಡುಪ್ರಾಣಿ ಕಂಡಿತೆಂದು ಎಲ್ಲರೂ ಒಂದೇ ಬದಿಗೆ ನುಗ್ಗಿದರು ಎಂದು ಆಗ ವರದಿಯಾಯಿತು. 2011ರ ಮಕರಜ್ಯೋತಿಯ ರಾತ್ರಿ ಅದೇ ಕಾಡಿನ ಪುಲ್ಲುಮೇಡಿನಲ್ಲಿ ನೂಕುನುಗ್ಗಲಾಗಿ ನೂರಕ್ಕೂ ಹೆಚ್ಚು ಯಾತ್ರಿಕರು ತೀರಿಕೊಂಡರು. ಅವರಲ್ಲಿ ನಮ್ಮ ಕರ್ನಾಟಕದವರೂ ಇದ್ದರು. ಐದಾರು ಜನರ ನಡಿಗೆ ಮತ್ತು ಸಾವಿರಾರು ಜನರ ಜಾತ್ರೆ, ಎರಡೂ ಒಂದೇ ಕಾಡಿನಲ್ಲಿ ಅಕ್ಕಪಕ್ಕ ನಡೆಯುತ್ತಿವೆ. ಮೊದಲನೆಯದರಲ್ಲಿ ಬೇಡ ಎನ್ನುವ ಹಿರಿಯರೊಬ್ಬರಿದ್ದರು. ಎರಡನೆಯದರಲ್ಲಿ ಅಂಥವರಿರಲಿಲ್ಲ.

ಇನ್ನೊಂದು ದೌರ್ಬಲ್ಯವೂ ಇದೆ. ಆ ಸಮಿತಿಗಳ ಬೆನ್ನಿಗೆ ಇಲಾಖೆ ಇದೆ, ಲೆಕ್ಕಪತ್ರದಲ್ಲಿ ಇಲಾಖೆಯ ಕೈ ಇದೆ. ಒಳ್ಳೆಯ ಅಧಿಕಾರಿ ಇದ್ದಾಗ ಅದು ಆಸರೆ. ಅವರು ವರ್ಗವಾದ ಮೇಲೆ? ಸೌಲಭ್ಯ ಕೊಟ್ಟವರು ಹಿಂದಕ್ಕೆ ತೆಗೆದುಕೊಳ್ಳಬಹುದು, ಹಕ್ಕನ್ನು ಹಾಗೆ ತೆಗೆದುಕೊಳ್ಳಲಾಗದು.

ಈ ಮಾತಿಗೆ ನನಗೆ ದೂರದ ಒಂದು ಊರು ನೆನಪಾಗುತ್ತದೆ. ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ, ಅಮೆಜಾನ್ ಕಾಡಿನ ತಂಬೊಪಾಟಾ ನದಿಯ ದಡದಲ್ಲಿ ಇನ್ಫಿಯೆರ್ನೊ ಎಂಬ ಊರಿದೆ. ಆ ಹೆಸರಿಗೆ ನರಕ ಎಂದರ್ಥ. ಎಸೆ ಎಹಾ ಎಂಬ ಮೂಲನಿವಾಸಿಗಳು, ಅವರ ಜೊತೆ ಬೇರೆ ಕಡೆಗಳಿಂದ ಬಂದು ನೆಲೆನಿಂತವರು ಅಲ್ಲಿದ್ದಾರೆ. 1970ರ ದಶಕದಲ್ಲೇ ಅವರ ನೆಲ ಸಮುದಾಯದ ಹೆಸರಿಗೆ ಕಾನೂನಿನಂತೆ ದಾಖಲಾಗಿತ್ತು. 1996ರಲ್ಲಿ ಪ್ರವಾಸಿ ಕಂಪನಿಯೊಂದು ಬಂದು ಇಲ್ಲಿ ಲಾಡ್ಜ್ ಕಟ್ಟೋಣ ಎಂದಾಗ ಅವರು ಒಡೆಯರಾಗಿ ಕೂತು ಮಾತಾಡಿದರು. ಲಾಭದಲ್ಲಿ ನೂರಕ್ಕೆ 60 ಊರಿಗೆ, 40 ಕಂಪನಿಗೆ. ತೀರ್ಮಾನಗಳಲ್ಲಿ ಇಬ್ಬರಿಗೂ ಸರಿಸಮ ಪಾಲು. ಇಪ್ಪತ್ತು ವರ್ಷದ ಕರಾರು. ಊರಿನವರು ಪಾತ್ರೆ ತೊಳೆಯುವ ಕೆಲಸಕ್ಕಷ್ಟೇ ಅಲ್ಲ, ಲಾಡ್ಜ್ ನಡೆಸುವ ಕೆಲಸವನ್ನೂ ಕಲಿಯಬೇಕು ಎಂಬುದು ಒಪ್ಪಂದದ ಭಾಗ. ಪೊಸಾದಾ ಅಮೆಜೊನಾಸ್ ಎಂಬ ಆ ಲಾಡ್ಜ್ 1998ರಲ್ಲಿ ಬಾಗಿಲು ತೆರೆಯಿತು. ಅದೇ ವರ್ಷ ಪೆರಿಯಾರಿನಲ್ಲಿ ತೊಗಟೆಯವರು ಕತ್ತಿ ಕೆಳಗಿಟ್ಟರು. ಎರಡು ಖಂಡಗಳ ಎರಡು ಮಳೆಕಾಡುಗಳು. ಆದರೆ ಇನ್ಫಿಯೆರ್ನೊದವರ ಕೈಯಲ್ಲಿ ಮೊದಲು ಪಹಣಿ ಇತ್ತು, ಆಮೇಲೆ ಪ್ರವಾಸ ಬಂತು. ಈ ಕ್ರಮ ಮುಖ್ಯ.

ನಮ್ಮಲ್ಲಿ ಪಹಣಿಗೆ ಸಮನಾದದ್ದು ಇಲ್ಲವೆಂದಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಕಾಡನ್ನು ಕಾಯುವ, ಬೆಳೆಸುವ, ನಿರ್ವಹಿಸುವ ಹಕ್ಕನ್ನು ಗ್ರಾಮಸಭೆಗೆ ಕೊಡುತ್ತದೆ. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಅಂಥ ಹಕ್ಕು ಪಡೆದ ದೇಶದ ಮೊದಲಿಗರು ಅವರು, ನಮ್ಮ ಚಾಮರಾಜನಗರದವರು. ಕೇರಳದ ವಾಳಚ್ಚಾಲಿನ ಕಾಡರ್ ಬುಡಕಟ್ಟಿಗೆ 2014ರಲ್ಲಿ ಆ ಹಕ್ಕು ಬಂತು. ಮಂಗಟ್ಟೆಯ ಗೂಡುಗಳನ್ನು ಮರಮರ ಹುಡುಕಿ ಕಾಯುತ್ತಿರುವವರು ಅವರು. ಕಾಡರಂಥ ಜನರ ಜೊತೆ ಒಂದು ಬೆಳಿಗ್ಗೆ ಆ ಗೂಡಿನ ಕೆಳಗೆ ಸುಮ್ಮನೆ ಕೂತು ಬರುವುದಕ್ಕೆ ನಾನು ಯಾವ ಪಂಚತಾರಾ ಕೋಣೆಯನ್ನಾದರೂ ಬಿಟ್ಟುಕೊಡುತ್ತೇನೆ. ಹೆಣ್ಣು ಮಂಗಟ್ಟೆ ಪೊಟರೆಯೊಳಗೆ ತನ್ನನ್ನು ತಾನೇ ಮಣ್ಣು ಹಿಕ್ಕೆಗಳಿಂದ ಮುಚ್ಚಿಕೊಂಡು ಕೂತಿರುತ್ತದೆ. ಗಂಡು ಗಂಟಲಲ್ಲಿ ಹಣ್ಣು ತುಂಬಿಕೊಂಡು ಬಂದು ಒಂದೊಂದಾಗಿ ಸಂದಿಯಿಂದ ತುತ್ತು ಕೊಡುತ್ತದೆ. ಕೆಳಗೆ ಜನ ಗಲಾಟೆ ಮಾಡಿದರೆ ಅದು ಬರುವುದಿಲ್ಲ, ಒಳಗಿನ ಸಂಸಾರ ಉಪವಾಸ. ಎಷ್ಟು ಜನ, ಎಷ್ಟು ದೂರ, ಎಷ್ಟು ಹೊತ್ತು ಎಂಬುದನ್ನು ಬೆಂಗಳೂರಿನಲ್ಲಿ ಕೂತು ಆದೇಶ ಹೊರಡಿಸಿ ನಿರ್ಧರಿಸಲಾಗದು. ಆ ಮರದ ಕೆಳಗಿರುವವರು ಆವತ್ತಿನ ದಿನ ನೋಡಿ ಹೇಳಬೇಕು.

ಆದೇಶಗಳೂ ಬೇಕು, ಒಪ್ಪುತ್ತೇನೆ. 2012ರಲ್ಲಿ ಸುಪ್ರೀಂ ಕೋರ್ಟಿನ ಮಧ್ಯಪ್ರವೇಶದ ಮೇಲೆ ಬಂದ ನಿಯಮಗಳಂತೆ ಹುಲಿ ಕಾಡಿನ ಒಳಭಾಗದಲ್ಲಿ ನೂರಕ್ಕೆ 20ಕ್ಕಿಂತ ಹೆಚ್ಚು ಜಾಗವನ್ನು ಪ್ರವಾಸಕ್ಕೆ ತೆರೆಯುವಂತಿಲ್ಲ. 2024ರ ಜನವರಿಯ ರಜೆಯಲ್ಲಿ ಕುಮಾರಪರ್ವತದ ದಾರಿಯಲ್ಲಿ ತಿರುಪತಿಯ ಸಾಲಿನಂತೆ ಜನ ನಿಂತ ಚಿತ್ರ ನೀವೆಲ್ಲ ಮೊಬೈಲಿನಲ್ಲಿ ನೋಡಿದ್ದೀರಿ. ಅದಾದ ಮೇಲೆ ಇಲಾಖೆ ಚಾರಣವನ್ನು ಕೆಲಕಾಲ ನಿಲ್ಲಿಸಿ, ಆನ್‌ಲೈನ್ ಬುಕಿಂಗ್ ತಂದು, ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಹಾಕಿತು. ಒಳ್ಳೆಯದೇ ಆಯಿತು. ಆದರೆ ಆ ಟಿಕೆಟ್ಟಿನ ದುಡ್ಡಿನಲ್ಲಿ ಬೆಟ್ಟದ ಬುಡದ ಊರಿಗೆ ಎಷ್ಟು, ಮಿತಿಯನ್ನು ಹಾಕುವಾಗ ಆ ಊರಿನವರನ್ನು ಕೇಳಿದವರು ಯಾರು ಎಂಬ ಪ್ರಶ್ನೆ ಹಾಗೇ ಉಳಿದಿದೆ. ಕುದುರೆಮುಖದ ಚಾರಣ ಶುರುವಾಗುವ ಮುಳ್ಳೋಡಿಯ ಕಡೆ ನೋಡಿ. ರಾಷ್ಟ್ರೀಯ ಉದ್ಯಾನದೊಳಗೆ ಬಾಳುವ ಮನೆಗಳವು. ಊರವರೇ ಜೀಪು ಓಡಿಸುತ್ತಾರೆ, ಊರಿನ ಮನೆಗಳಲ್ಲೇ ಗಂಜಿ, ನೀರುದೋಸೆ, ಬಿಸಿನೀರು. ಹೊರಗಿನ ರೆಸಾರ್ಟ್ ಅಲ್ಲಿಗೆ ಬರಲಾರದು. ಅರ್ಧ ದಾರಿ ಆಗಲೇ ಬಂದಿದ್ದೇವೆ. ಬಾಕಿ ಅರ್ಧ, ಊರಿನವರು ಒಂದು ಸಂಘವಾಗಿ ಕೂತು ತಮ್ಮ ಕಾಡಿನ ಲೆಕ್ಕವನ್ನು ತಾವೇ ಬರೆಯುವುದು.

ಹೋಂಸ್ಟೇಗಳ ಬಗ್ಗೆ ಒಂದು ಮಾತು. ಮಲೆನಾಡಿನಲ್ಲಿ, ಕೊಡಗಿನಲ್ಲಿ ಅಡಿಕೆ, ಕಾಫಿಯ ಬೆಲೆ ಬಿದ್ದ ವರ್ಷಗಳಲ್ಲಿ ಹಲವು ಮನೆಗಳನ್ನು ಹೋಂಸ್ಟೇಗಳೇ ಉಳಿಸಿದವು. ನನಗೆ ಗೊತ್ತಿರುವ ಒಂದು ಮನೆಯಲ್ಲಿ ಅಜ್ಜಿಯ ಕೈಯ ಪತ್ರೊಡೆ ತಿನ್ನಲು ಜನ ವರ್ಷಕ್ಕೊಮ್ಮೆ ಬರುತ್ತಾರೆ, ಬಂದವರು ಸಂಜೆ ಜಗುಲಿಯಲ್ಲಿ ಕೂತು ಕಪ್ಪೆಗಳ ಕೂಗು ಕೇಳುತ್ತಾರೆ. ಅದೇ ದಾರಿಯಲ್ಲಿ ಎರಡು ಕಿಲೋಮೀಟರ್ ಮುಂದೆ ಹೊರಗಿನವರು ಗುತ್ತಿಗೆಗೆ ತೆಗೆದುಕೊಂಡ ಇನ್ನೊಂದು ಜಾಗವಿದೆ. ಅದಕ್ಕೂ ಹೋಂಸ್ಟೇ ಎಂದೇ ಹೆಸರು. ರಾತ್ರಿ ಹನ್ನೆರಡರವರೆಗೆ ಸೌಂಡ್ ಬಾಕ್ಸ್, ಗದ್ದೆಯ ಮೇಲೆಲ್ಲ ಬಣ್ಣದ ದೀಪ. ಮುಂಗಾರಿನ ಮೊದಲ ವಾರಗಳಲ್ಲಿ ಗಂಡು ಕಪ್ಪೆ ಕೂಗಿಯೇ ಹೆಣ್ಣನ್ನು ಕರೆಯಬೇಕು. ಆ ಸದ್ದಿನಲ್ಲಿ ಯಾರ ಕೂಗು ಯಾರಿಗೆ ಕೇಳಿಸೀತು? ಹೋಂಸ್ಟೇ ಎಂಬ ಹೆಸರು ಹಾಕಿಕೊಳ್ಳುವವರು ಆ ಮನೆಯಲ್ಲಿ ವಾಸವಾಗಿರಲೇಬೇಕು ಎಂಬ ನಿಯಮವನ್ನು ಪಂಚಾಯ್ತಿಗಳು ಬಿಗಿಯಾಗಿ ಜಾರಿ ಮಾಡಿದರೆ ಇದರಲ್ಲಿ ಅರ್ಧ ಸಮಸ್ಯೆ ನೀಗುತ್ತದೆ.

ಪ್ರವಾಸವೊಂದನ್ನೇ ನಂಬಿ ಬದುಕಬೇಡಿ ಎಂದೂ ಊರಿನ ಹುಡುಗರಿಗೆ ಹೇಳುತ್ತಿರುತ್ತೇನೆ. 2020ರ ಮಾರ್ಚಿನಲ್ಲಿ ಒಂದೇ ದಿನಕ್ಕೆ ಎಲ್ಲ ಬಾಗಿಲು ಮುಚ್ಚಿತು. ಸಾಲ ಮಾಡಿ ಕೋಣೆ ಕಟ್ಟಿದವರು ಕಂತು ಕಟ್ಟಲಾಗದೆ ಕಂಗಾಲಾದರು. ತೋಟ, ಗದ್ದೆ, ಜೇನು ಕೈಬಿಡದವರು ಹೇಗೋ ದಾಟಿದರು. ಪ್ರವಾಸದ ದುಡ್ಡು ಉಪ್ಪಿನಕಾಯಿಯ ಹಾಗಿರಬೇಕು, ಅನ್ನ ಬೇರೆ ಇರಬೇಕು.

ಸಮಯವಾಯಿತು. ನಾನು ಮೊದಲು ಹೇಳಿದ ಅಬ್ಬಿಯ ವಿಷಯಕ್ಕೆ ಬಂದು ನಿಲ್ಲಿಸುತ್ತೇನೆ. ಆ ಭಾನುವಾರದ ಮರುವಾರ ನಾವು ಹನ್ನೊಂದು ಮನೆಯವರು ಶಾಲೆಯ ಜಗುಲಿಯಲ್ಲಿ ಕೂತಿದ್ದೆವು. ಮುಂದಿನ ಗ್ರಾಮಸಭೆಗೆ ಒಂದು ಅರ್ಜಿ ಬರೆದಿದ್ದೇವೆ. ಕಾರುಗಳು ಕೆಳಗಿನ ಮೈದಾನದಲ್ಲೇ ನಿಲ್ಲಬೇಕು. ಅಲ್ಲಿಂದ ಅಬ್ಬಿಗೆ ಎರಡು ಕಿಲೋಮೀಟರ್ ನಡಿಗೆ, ಊರಿನವರೊಬ್ಬರು ಜೊತೆಗೆ. ಒಂದು ಸಲಕ್ಕೆ ಹತ್ತು ಜನ, ದಿನಕ್ಕೆ ಆರು ಸಲ. ಶುಲ್ಕ ಸಂಘದ ಖಾತೆಗೆ, ಲೆಕ್ಕ ಪ್ರತಿ ತಿಂಗಳು ಶಾಲೆಯ ಗೋಡೆಗೆ. ಮಳೆ ಹೆಚ್ಚಾದ ದಿನ, ಕಾಟಿ ಇಳಿದ ದಿನ, ಕಪ್ಪೆಗಳ ಹಂಗಾಮಿನ ಮೂರು ವಾರ ದಾರಿ ಬಂದ್. ಬಂದ್ ಮಾಡುವ ಅಧಿಕಾರ ಅವತ್ತು ಜೊತೆಗೆ ಹೋಗುವವರದು, ಅವರ ಮಾತನ್ನು ಅಧ್ಯಕ್ಷರೂ ಮೀರುವಂತಿಲ್ಲ. ಈ ಕೊನೆಯ ಸಾಲನ್ನು ಸೇರಿಸುವಾಗ ನಮ್ಮೊಳಗೇ ಬಹಳ ವಾದವಾಯಿತು. ಹಾಲು ಹಾಕಲು ಹೋಗಿ ಸಿಕ್ಕಿಬಿದ್ದಿದ್ದನಲ್ಲ, ಆ ಹುಡುಗ ಪಟ್ಟು ಬಿಡಲಿಲ್ಲ. ಸಾಲು ಉಳಿಯಿತು. ಸದ್ಯಕ್ಕೆ ಹನ್ನೊಂದು ಸಹಿ ಬಿದ್ದಿವೆ, ಇನ್ನೂ ಇಪ್ಪತ್ತಾರು ಮನೆ ಬಾಕಿ. ನಾಳೆ ಬೆಳಗಿನ ಬಸ್ಸಿಗೆ ಊರಿಗೆ ಹೊರಡುತ್ತಿದ್ದೇನೆ.